ಕೆಲಸದ ಮೇಲ್, ನೋಟ್‌ನಲ್ಲಿ ಜೋಪಾನ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮದು ಕಟ್ಟಡ ಗುತ್ತಿಗೆಯ ಕಚೇರಿ. ದಿನಕ್ಕೆ 60–70 ಮೇಲ್ ಬರುತ್ತವೆ. ದರಕ್ಕೆ ಒಪ್ಪಿದ್ದು, ಡ್ರಾಯಿಂಗ್ ಬದಲಾದದ್ದು ಎಲ್ಲ ಅದರಲ್ಲೇ ಹೂತುಹೋಗುತ್ತದೆ. ಜಿಮೇಲ್‌ನಿಂದ ಎವರ್‌ನೋಟ್‌ಗೆ (ಟಿಪ್ಪಣಿ ಕೂಡಿಡುವ ಆ್ಯಪ್) ಫಾರ್ವರ್ಡ್ ಮಾಡಿ ಸೈಟ್‌ವಾರು ಇಟ್ಟುಕೊಳ್ಳುವುದು ಹೇಗೆ?
— ಮೈಸೂರಿನ ಓದುಗರು

ಉತ್ತರ: ಎಲ್ಲವನ್ನೂ ಕಳಿಸಬೇಡಿ. 70 ಮೇಲ್‌ಗಳಲ್ಲಿ ಏನನ್ನಾದರೂ ತೀರ್ಮಾನಿಸಿದವು ನಾಲ್ಕೈದು ಇದ್ದರೆ ಹೆಚ್ಚು. ಅವಷ್ಟೇ ನೋಟ್ ಆಗಲಿ. ಉಳಿದವು ಜಿಮೇಲ್‌ನಲ್ಲೇ ಇರಲಿ, ಅಲ್ಲಿಯ ಹುಡುಕಾಟವೇ ಸಾಕು. ಎಲ್ಲವನ್ನೂ ಸುರಿದರೆ ಎರಡನೆಯ ಇನ್‌ಬಾಕ್ಸ್ ಒಂದನ್ನು ಕಟ್ಟಿಕೊಂಡಂತಾಗುತ್ತದೆ. ಉಚಿತ ಖಾತೆಯಾದರೆ ಜಾಗವೂ ಸಾಲದು: 2023ರ ಡಿಸೆಂಬರ್‌ನಲ್ಲಿ ಅದಕ್ಕೆ 50 ನೋಟ್, ಒಂದೇ ನೋಟ್‌ಬುಕ್ (ನೋಟ್‌ಗಳ ಕಡತ) ಎಂಬ ಮಿತಿ ಬಂತು.

ಎವರ್‌ನೋಟ್‌ನ ಖಾತೆ ಸೆಟ್ಟಿಂಗ್ಸ್‌ನಲ್ಲಿ ನಿಮಗೇ ಮೀಸಲಾದ ಒಂದು ಮೇಲ್ ವಿಳಾಸ ಇರುತ್ತದೆ. ಅದಕ್ಕೆ ಬಂದ ಪ್ರತಿ ಮೇಲ್ ಒಂದೊಂದು ನೋಟ್ ಆಗುತ್ತದೆ. ವಿಳಾಸವನ್ನು ‘ನೋಟ್ ಪೆಟ್ಟಿಗೆ’ ಎಂಬಂಥ ಹೆಸರಿನಲ್ಲಿ ಕಾಂಟ್ಯಾಕ್ಟ್ಸ್‌ಗೆ ಸೇರಿಸಿ. ಯಾರಿಗೂ ಕೊಡಬೇಡಿ, ವಿಳಾಸ ಗೊತ್ತಿದ್ದವರು ನಿಮ್ಮ ಖಾತೆಯೊಳಗೆ ಏನು ಬೇಕಾದರೂ ತುರುಕಬಹುದು. ಹೊರಬಿದ್ದಿದೆ ಎನಿಸಿದರೆ ಅದೇ ಸೆಟ್ಟಿಂಗ್ಸ್‌ನಲ್ಲಿ ರೀಸೆಟ್ ಮಾಡಿ ಹೊಸ ವಿಳಾಸ ಪಡೆಯಿರಿ.

ಯಾವ ನೋಟ್ ಎಲ್ಲಿಗೆ ಹೋಗಬೇಕೆಂಬುದು ಸಬ್ಜೆಕ್ಟ್ ಸಾಲಿನಲ್ಲಿ ತೀರ್ಮಾನವಾಗುತ್ತದೆ. ಮೊದಲು ನೋಟ್‌ನ ಹೆಸರು, ನಂತರ ಬೇಕಿದ್ದರೆ ! ಹಾಕಿ ನೆನಪಿಸಬೇಕಾದ ದಿನಾಂಕ, ಆಮೇಲೆ @ ಹಾಕಿ ನೋಟ್‌ಬುಕ್, ಕೊನೆಗೆ # ಹಾಕಿ ಟ್ಯಾಗ್ (ವಿಷಯ ಗುರುತಿಸುವ ಪದ). ಈ ಕ್ರಮ ತಪ್ಪಬಾರದು. ಉದಾಹರಣೆಗೆ:

ಬ್ಲಾಕ್ 2 ಟೈಲ್ಸ್ ದರಕ್ಕೆ ಒಪ್ಪಿಗೆ !2026/03/15 @ವಿಜಯನಗರ ಸೈಟ್ #ದರ

ಇಲ್ಲಿ ಸಾಮಾನ್ಯವಾಗಿ ಎಡವುವುದು ಎರಡು ಕಡೆ. ನೋಟ್‌ಬುಕ್ ಮತ್ತು ಟ್ಯಾಗ್ ಮೊದಲೇ ಎವರ್‌ನೋಟ್‌ನಲ್ಲಿ ಇರಬೇಕು. ‘ವಿಜಯನಗರ’ ಎಂದು ಇಟ್ಟು ಸಬ್ಜೆಕ್ಟಿನಲ್ಲಿ ‘ವಿಜಯ್‌ನಗರ’ ಎಂದು ಬರೆದರೆ ನೋಟ್ ಡೀಫಾಲ್ಟ್ ನೋಟ್‌ಬುಕ್‌ನಲ್ಲಿ (ಬೇರೆ ಹೇಳದಿದ್ದಾಗ ನೋಟ್ ಹೋಗುವ ಜಾಗ) ಬಿದ್ದಿರುತ್ತದೆ. ಕಳೆದುಹೋಯಿತು ಅಂದುಕೊಂಡ ನೋಟ್‌ಗಳನ್ನು ಮೊದಲು ಅಲ್ಲಿ ಹುಡುಕಿ. ಇನ್ನೊಂದು, ಮೂಲ ಸಬ್ಜೆಕ್ಟಿನಲ್ಲಿ ಬಿಲ್ ಸಂಖ್ಯೆಯ ಮುಂದೆ # ಇದ್ದರೆ ಅಳಿಸಿಬಿಡಿ, ಅದು ಟ್ಯಾಗ್‌ನ ಗುರುತಿನೊಂದಿಗೆ ಗೊಂದಲವಾಗುತ್ತದೆ.

ಕಂಪ್ಯೂಟರಿನ ಜಿಮೇಲ್‌ನಲ್ಲಿ ಫಾರ್ವರ್ಡ್ ಒತ್ತಿದಾಗ ಸಬ್ಜೆಕ್ಟ್ ಕಾಣುವುದಿಲ್ಲ. ವಿಳಾಸದ ಎಡಕ್ಕಿರುವ ಸಣ್ಣ ಬಾಣ ಒತ್ತಿ ‘ಎಡಿಟ್ ಸಬ್ಜೆಕ್ಟ್’ ಆರಿಸಿಕೊಳ್ಳಿ. ಮುಂದಿರುವ ‘ಫಾರ್ವರ್ಡ್’ ಗುರುತನ್ನೂ ತೆಗೆದು, ಆರು ತಿಂಗಳ ಮೇಲೆ ನೀವು ಹುಡುಕುವ ಪದಗಳಲ್ಲೇ ಹೆಸರು ಕೊಡಿ. ‘ರಿವೈಸ್ಡ್ ಫೈಲ್’ ಎಂಬ ಹೆಸರಿನ 40 ನೋಟ್‌ಗಳಿಂದ ಯಾರಿಗೂ ಪ್ರಯೋಜನವಿಲ್ಲ. ಮೇಲ್‌ನ ಮೈಯಲ್ಲಿ, ಎಲ್ಲಕ್ಕಿಂತ ಮೇಲೆ, ಒಂದು ಸಾಲು ನೀವೇ ಬರೆಯಿರಿ: ಏನು ನಿರ್ಧಾರ, ಯಾರದು, ಯಾವತ್ತು. ಈ ಅರ್ಧ ನಿಮಿಷದ ಕೆಲಸವೇ ಇಡೀ ವ್ಯವಸ್ಥೆಯ ಬೆನ್ನೆಲುಬು.

ನೀವೇ ಬರೆಯುವ ಮೇಲ್‌ಗೆ ಸಿಸಿಯಲ್ಲಿ ನೋಟ್ ವಿಳಾಸ ಹಾಕಬೇಡಿ. ಯಾರಾದರೂ ‘ರಿಪ್ಲೈ ಆಲ್’ ಒತ್ತಿದರೆ ಅವರ ಉತ್ತರಗಳೂ ನೋಟ್ ಆಗುತ್ತವೆ, ವಿಳಾಸವೂ ಎಲ್ಲರಿಗೂ ತಿಳಿಯುತ್ತದೆ. ಬಿಸಿಸಿಯಲ್ಲಿ ಹಾಕಿದರೆ ವಿಳಾಸ ಮರೆಯಾಗಿರುತ್ತದೆ, ಆದರೆ ಸಬ್ಜೆಕ್ಟಿನ @ ಮತ್ತು # ಎದುರಿನವರಿಗೂ ಕಾಣುತ್ತವೆ. ಮೇಲ್ ಕಳಿಸಿದ ಮೇಲೆ ಸೆಂಟ್ ಫೋಲ್ಡರಿನಿಂದ ಫಾರ್ವರ್ಡ್ ಮಾಡುವುದೇ ಒಳ್ಳೆಯದು.

ಪ್ರಶ್ನೆ: ಒಂದೇ ವಿಷಯದ ಮೇಲೆ ಹತ್ತು ಮೇಲ್ ಹೋಗಿ ಬಂದಿದ್ದವು. ಕೊನೆಯದನ್ನು ಫಾರ್ವರ್ಡ್ ಮಾಡಿದೆ. ನೋಟ್‌ನಲ್ಲಿ ಮಾತೆಲ್ಲ ಇದೆ, ಮೂರನೇ ಮೇಲ್‌ನ ಎಕ್ಸೆಲ್ ಫೈಲ್ ಮಾತ್ರ ಇಲ್ಲ. ಏಕೆ?
— ಬೆಳಗಾವಿಯ ಓದುಗರು

ಉತ್ತರ: ಉತ್ತರ ಬರೆಯುವಾಗ ಹಿಂದಿನ ಮೇಲ್‌ನ ಬರಹ ಕೆಳಗೆ ಅಂಟಿಕೊಂಡು ಬರುತ್ತದೆ, ಅಟ್ಯಾಚ್‌ಮೆಂಟ್ ಬರುವುದಿಲ್ಲ. ಆದ್ದರಿಂದ ಹತ್ತನೇ ಮೇಲ್‌ನಲ್ಲಿ ಆ ಫೈಲ್ ಇರಲೇ ಇಲ್ಲ. ಫೈಲ್ ಬಂದ ಮೂರನೇ ಮೇಲ್ ಅನ್ನೇ ಬಿಡಿಯಾಗಿ ಫಾರ್ವರ್ಡ್ ಮಾಡಿ, ತೀರ್ಮಾನದ ಹತ್ತನೆಯದನ್ನು ಇನ್ನೊಂದು ನೋಟ್ ಆಗಿ ಕಳಿಸಿ, ಎರಡಕ್ಕೂ ಒಂದೇ ಟ್ಯಾಗ್ ಕೊಡಿ. ಡ್ರೈವ್ ಕೊಂಡಿಯಾಗಿ ಬಂದ ಫೈಲ್ ಆದರೆ ನೋಟ್‌ಗೆ ಸೇರುವುದು ಕೊಂಡಿ ಮಾತ್ರ. ಮಾಲೀಕರು ಅನುಮತಿ ಹಿಂತೆಗೆದರೆ ಅಥವಾ ಫೈಲ್ ಅಳಿಸಿದರೆ ಕೈಯಲ್ಲಿ ಏನೂ ಉಳಿಯುವುದಿಲ್ಲ. ಮುಖ್ಯವಾದದ್ದನ್ನು ಡೌನ್‌ಲೋಡ್ ಮಾಡಿ ನೋಟ್‌ಗೆ ಕೈಯಾರೆ ಸೇರಿಸಿ.

ಗಾತ್ರವನ್ನೂ ಗಮನಿಸಿ. ಜಿಮೇಲ್‌ನ ಅಟ್ಯಾಚ್‌ಮೆಂಟ್ ಮಿತಿ 25 ಎಂಬಿ. ಆದರೆ ಮೇಲ್ ಸಾಗುವಾಗ ಫೈಲ್‌ನ ಪ್ರತಿ 3 ಬೈಟ್ 4 ಅಕ್ಷರವಾಗಿ ಬದಲಾಗುತ್ತದೆ. 18 ಎಂಬಿಯ ಫೈಲ್ ದಾರಿಯಲ್ಲಿ 24 ಎಂಬಿ ದಾಟಿರುತ್ತದೆ.

ಪ್ರಶ್ನೆ: ಆಫೀಸಿನ ಔಟ್‌ಲುಕ್‌ನಲ್ಲಿ ನೋಟ್ ವಿಳಾಸಕ್ಕೆ ತಾನಾಗಿಯೇ ಫಾರ್ವರ್ಡ್ ಆಗುವ ರೂಲ್ ಹಾಕಿದೆ. ‘5.7.520’ ಎಂದು ಮೇಲ್ ವಾಪಸ್ ಬರುತ್ತಿದೆ.
— ಬೆಂಗಳೂರಿನ ಓದುಗರು

ಉತ್ತರ: ಕಂಪನಿಯ ಹೊರಗಿನ ವಿಳಾಸಕ್ಕೆ ತಾನಾಗಿ ಫಾರ್ವರ್ಡ್ ಆಗುವುದನ್ನು ನಿಮ್ಮ ಸಂಸ್ಥೆ ಒಪ್ಪಿಲ್ಲ ಎಂದು ಅದರ ಅರ್ಥ. ಮೈಕ್ರೋಸಾಫ್ಟ್ 365ರಲ್ಲಿ ಈ ತಡೆ ಮೊದಲಿನಿಂದಲೇ ಹಾಕಿರುತ್ತದೆ. ಕಾರಣವಿದೆ: ಪಾಸ್‌ವರ್ಡ್ ಕದ್ದವರು ಮೊದಲು ಮಾಡುವ ಕೆಲಸಗಳಲ್ಲಿ ಸದ್ದಿಲ್ಲದೆ ಇಂಥದೊಂದು ರೂಲ್ ಹಾಕುವುದೂ ಒಂದು. ಒಂದೊಂದಾಗಿ ಕೈಯಾರೆ ಫಾರ್ವರ್ಡ್ ಮಾಡಿದರೆ ಮೇಲ್ ಹೋಗಬಹುದು. ಹೋಗುತ್ತದೆ ಎಂದಮಾತ್ರಕ್ಕೆ ಅನುಮತಿ ಇದೆ ಎಂದಲ್ಲ. ಗ್ರಾಹಕರ ಹೆಸರು, ಫೋನ್, ಬ್ಯಾಂಕ್ ವಿವರ ಇರುವ ಮೇಲ್ ಆದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಅದನ್ನು ಕಾಪಾಡುವ ಹೊಣೆಯನ್ನು ನಿಮ್ಮ ಸಂಸ್ಥೆಯ ಮೇಲೆ ಹೊರಿಸುತ್ತದೆ. ಐಟಿ ವಿಭಾಗದವರನ್ನು ಲಿಖಿತವಾಗಿ ಕೇಳಿ. ಕಚೇರಿ ಖಾತೆಯಲ್ಲೇ ಮೈಕ್ರೋಸಾಫ್ಟ್‌ನ ನೋಟ್ ಆ್ಯಪ್ ಆದ ಒನ್‌ನೋಟ್ ಇದ್ದರೆ ಡೆಸ್ಕ್‌ಟಾಪಿನ ಹಳೆಯ ಔಟ್‌ಲುಕ್‌ನಲ್ಲಿ ‘ಸೆಂಡ್ ಟು ಒನ್‌ನೋಟ್’ ಗುಂಡಿ ಸಿಗುತ್ತದೆ. ಆಗ ಮೇಲ್ ಸಂಸ್ಥೆಯ ಹೊರಗೆ ಹೋಗುವ ಪ್ರಶ್ನೆಯೇ ಬರುವುದಿಲ್ಲ.

ಅನುಮತಿ ಸಿಕ್ಕರೂ ಒಂದು ತೊಡಕು: ತಾನಾಗಿ ಫಾರ್ವರ್ಡ್ ಆಗುವಾಗ ಸಬ್ಜೆಕ್ಟಿಗೆ @, # ಸೇರಿಸಲು ಅವಕಾಶವಿಲ್ಲ. ಎಲ್ಲವೂ ಡೀಫಾಲ್ಟ್ ನೋಟ್‌ಬುಕ್‌ಗೇ ಬೀಳುತ್ತವೆ. ಅದಕ್ಕೆ ‘ವಿಂಗಡಿಸಬೇಕು’ ಎಂದು ಹೆಸರಿಟ್ಟು ವಾರಕ್ಕೊಮ್ಮೆ ಖಾಲಿ ಮಾಡಿ.

ಪ್ರಶ್ನೆ: ನಮ್ಮ ಸಹಕಾರ ಸಂಘಕ್ಕೆ ಇಲಾಖೆಯಿಂದ ಕನ್ನಡ ಪತ್ರಗಳು ಮೇಲ್‌ನಲ್ಲಿ ಬರುತ್ತವೆ. ನೋಟ್ ಮಾಡಿಟ್ಟೆ. ಹುಡುಕಿದರೆ ಸಿಗುವುದಿಲ್ಲ.
— ಶಿವಮೊಗ್ಗದ ಓದುಗರು

ಉತ್ತರ: ಅಟ್ಯಾಚ್‌ಮೆಂಟ್ ತೆರೆದು ಒಂದು ಸಾಲನ್ನು ಕಾಪಿ ಮಾಡಿ ನೋಟ್‌ನಲ್ಲಿ ಪೇಸ್ಟ್ ಮಾಡಿ ನೋಡಿ. ಕನ್ನಡದ ಬದಲು ತಲೆಬುಡವಿಲ್ಲದ ರೋಮನ್ ಅಕ್ಷರ ಬಂದರೆ ಅದು ಯೂನಿಕೋಡ್ (ಎಲ್ಲ ಕಂಪ್ಯೂಟರ್‌ಗಳೂ ಗುರುತಿಸುವ ಅಕ್ಷರ ಸಂಕೇತ) ಅಲ್ಲ, ಹಳೆಯ ಆಸ್ಕಿ ಫಾಂಟ್‌ನಲ್ಲಿ ಬರೆದ ಪತ್ರ. ಆ ಫಾಂಟ್‌ಗಳಲ್ಲಿ ಕನ್ನಡದ ಆಕಾರಗಳು ರೋಮನ್ ಅಕ್ಷರಗಳ ಜಾಗದಲ್ಲಿ ಕೂತಿರುತ್ತವೆ. ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಅಲ್ಲ. ನುಡಿ ಅಥವಾ ಬರಹ ತಂತ್ರಾಂಶದ ಪರಿವರ್ತಕದಲ್ಲಿ ಯೂನಿಕೋಡ್ ಮಾಡಿಕೊಂಡು ಮುಖ್ಯ ಭಾಗವನ್ನು ನೋಟ್‌ನಲ್ಲಿ ಅಂಟಿಸಿ. ಸ್ಕ್ಯಾನ್ ಮಾಡಿದ ಪತ್ರವಾದರೆ ವಿಷಯ, ಪತ್ರ ಸಂಖ್ಯೆ, ದಿನಾಂಕವನ್ನು ನೋಟ್‌ನ ಹೆಸರಿನಲ್ಲೇ ಟೈಪ್ ಮಾಡುವುದು ಸುಲಭದ ದಾರಿ.

ಯೂನಿಕೋಡ್ ಆಗಿದ್ದರೂ ಅಂಕಿಗಳನ್ನು ನೋಡಿಕೊಳ್ಳಿ. ಪತ್ರದಲ್ಲಿ ೨೪೫ ಎಂದಿದ್ದು ನೀವು 245 ಎಂದು ಹುಡುಕಿದರೆ ಅವು ಬೇರೆಬೇರೆ ಸಂಕೇತಗಳು. ಸಂಖ್ಯೆಯನ್ನು ಹೆಸರಿನಲ್ಲಿ ಯಾವಾಗಲೂ ಒಂದೇ ಬಗೆಯಲ್ಲಿ ಬರೆಯಿರಿ. ವಿಭಕ್ತಿ ಅಂಟಿದರೆ ಪದದ ಕೊನೆ ಬದಲಾಗುವುದರಿಂದ ‘ಸಾಲಮನ್ನಾದ’ ಎಂದು ಹುಡುಕದೆ ‘ಸಾಲಮನ್ನಾ’ ಎಂದು ಹುಡುಕಿ.

ಪ್ರಶ್ನೆ: ನೋಟ್ ಆದ ಮೇಲೆ ಮೂಲ ಮೇಲ್ ಅಳಿಸಬಹುದೆ?
— ಮಂಗಳೂರಿನ ಓದುಗರು

ಉತ್ತರ: ಬೇಡ. ಫಾರ್ವರ್ಡ್ ಮಾಡಿದ್ದು ನೀವು ಕಳಿಸಿದ ಹೊಸ ಮೇಲ್. ಮೂಲ ಮೇಲ್ ಯಾವ ಸರ್ವರ್‌ಗಳ ಮೂಲಕ ಬಂತೆಂದು ಹೇಳುವ ಹೆಡರ್‌ಗಳು ಅದರಲ್ಲಿ ಇರುವುದಿಲ್ಲ, ನಡುವೆ ಬರಹ ತಿದ್ದಲೂಬಹುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಡಿ ನ್ಯಾಯಾಲಯಕ್ಕೆ ಒಪ್ಪಿಸುವ ವಿದ್ಯುನ್ಮಾನ ದಾಖಲೆಯೊಂದಿಗೆ ಪ್ರಮಾಣಪತ್ರ ಕೊಡಬೇಕು, ಅದರ ನಮೂನೆಯಲ್ಲಿ ಹ್ಯಾಶ್ ಮೌಲ್ಯವನ್ನೂ (ಫೈಲ್ ಬದಲಾಗಿಲ್ಲವೆಂದು ತೋರಿಸುವ ಸಂಕೇತ) ಕೇಳುತ್ತಾರೆ. ಹಣ ಮತ್ತು ಕರಾರಿಗೆ ಸಂಬಂಧಿಸಿದ ಮೇಲ್‌ಗಳನ್ನು ಜಿಮೇಲ್‌ನ ಮೂರು ಚುಕ್ಕಿ ಒತ್ತಿ ‘ಡೌನ್‌ಲೋಡ್ ಮೆಸೇಜ್’ ಮಾಡಿ, ಬರುವ ಇಎಂಎಲ್ ಫೈಲನ್ನು ತೆರೆದು ತಿದ್ದದೆ ಬೇರೆ ಕಡೆ ಇಡಿ.

ನೋಟ್‌ನಿಂದ ಮೂಲಕ್ಕೆ ಮರಳುವ ದಾರಿಯೂ ಇದೆ. ಅದೇ ಚುಕ್ಕಿಗಳ ಕೆಳಗೆ ‘ಶೋ ಒರಿಜಿನಲ್’ ಒತ್ತಿದರೆ ಮೊದಲ ಸಾಲಿನಲ್ಲೇ ಮೆಸೇಜ್ ಐಡಿ (ಆ ಮೇಲ್‌ಗಷ್ಟೇ ಇರುವ ಗುರುತು) ಸಿಗುತ್ತದೆ. ಅದನ್ನು ನೋಟ್‌ನ ತುದಿಯಲ್ಲಿ ಅಂಟಿಸಿಡಿ. ಬೇಕಾದಾಗ ಜಿಮೇಲ್‌ನ ಹುಡುಕು ಪೆಟ್ಟಿಗೆಯಲ್ಲಿ ‘ಆರ್‌ಎಫ್‌ಸಿ 822 ಎಂಎಸ್‌ಜಿಐಡಿ’ ಎಂಬುದನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ, ನಡುವೆ ಜಾಗ ಬಿಡದೆ ಬರೆದು, ಕೋಲನ್ ಹಾಕಿ, ಪಕ್ಕದಲ್ಲೇ ಆ ಐಡಿ ಅಂಟಿಸಿ. ಆ ಮೇಲ್ ಇರುವ ಸಂಭಾಷಣೆ ಹುಡುಕಾಟದ ಫಲಿತಾಂಶದಲ್ಲಿ ಸಿಗುತ್ತದೆ.