ಜಪಾನಿನ ಮಾತ್ಸುಶಿಮಾ ಹಡಗಿನ ದೈತ್ಯ ತೋಪು ಯುದ್ಧದಲ್ಲಿ ಏಕೆ ಕೆಲಸಕ್ಕೆ ಬರಲಿಲ್ಲ?

ಒಂದೇ ಮಾತಿನಲ್ಲಿ ಹೇಳುವುದಾದರೆ, ಹೊರುವ ಹಡಗಿಗೆ ಆ ತೋಪು ಮಿತಿಮೀರಿ ಭಾರವಾಗಿತ್ತು. ಚೀನಾದ ಬಳಿ ಜರ್ಮನಿಯಲ್ಲಿ ಕಟ್ಟಿದ ಡಿಂಗ್‌ಯುವಾನ್, ಝೆನ್‌ಯುವಾನ್ ಎಂಬ ಎರಡು ಉಕ್ಕಿನ ಕವಚದ ಯುದ್ಧನೌಕೆಗಳಿದ್ದವು. ಅಂಥವನ್ನು ಕೊಳ್ಳುವಷ್ಟು ಹಣ ಜಪಾನಿನಲ್ಲಿ ಇರಲಿಲ್ಲ. ಆದ್ದರಿಂದ ಫ್ರೆಂಚ್ ಎಂಜಿನಿಯರ್ ಎಮಿಲ್ ಬೆರ್ತಾಂ, ಸುಮಾರು 4,200 ಟನ್ನಿನ ಕ್ರೂಸರಿನ (ವೇಗದ ಮಧ್ಯಮ ಗಾತ್ರದ ಯುದ್ಧನೌಕೆಯ) ಮೇಲೆ, ಆ ಕವಚವನ್ನು ಭೇದಿಸಬಲ್ಲ 320 ಮಿಲಿಮೀಟರ್ ಬಾಯಿಯ ಒಂದೇ ತೋಪನ್ನು ಕೂರಿಸಿದರು. ಅದರ ನಳಿಗೆಯೇ 12 ಮೀಟರ್ ಉದ್ದ. ಅದನ್ನು ಪಕ್ಕಕ್ಕೆ ತಿರುಗಿಸಿದರೆ ಸಾಕು, ಭಾರ ಒಂದೆಡೆ ಸರಿದು ಹಡಗೇ ವಾಲುತ್ತಿತ್ತು. ವಾಲಿದ ಹಡಗಿನಿಂದ ಗುರಿ ಹಿಡಿಯುವುದು ಹೇಗೆ? ಇದೇ ವಿನ್ಯಾಸದ ಸೋದರ ಹಡಗುಗಳಲ್ಲಿ ಮುಂಭಾಗದಲ್ಲಿದ್ದ ಈ ತೋಪು, ವಿಚಿತ್ರವೆಂಬಂತೆ, ಮಾತ್ಸುಶಿಮಾದಲ್ಲಿ ಹಿಂಭಾಗದಲ್ಲಿತ್ತು.

1894ರ ಸೆಪ್ಟೆಂಬರ್ 17ರಂದು ಚೀನಾ ನೌಕಾಪಡೆಯೊಡನೆ ನಡೆದ ಯಾಲು ಕದನದಲ್ಲಿ ಅದು ಬೆರಳೆಣಿಕೆಯ ಗುಂಡುಗಳನ್ನಷ್ಟೇ ಹಾರಿಸಿತು. ಜಪಾನಿಗೆ ಗೆಲುವು ತಂದುಕೊಟ್ಟದ್ದು ಬೇಗಬೇಗ ಗುಂಡು ತುಂಬಬಹುದಾದ ಚಿಕ್ಕ ತೋಪುಗಳು. ಆದರೆ ಮಾತ್ಸುಶಿಮಾದಲ್ಲಿ ಆ ತೋಪುಗಳ ಪಕ್ಕದಲ್ಲೇ ಸಿದ್ಧವಾಗಿ ಪೇರಿಸಿದ್ದ ಮದ್ದುಗುಂಡು ಝೆನ್‌ಯುವಾನಿನ ಒಂದು ಗುಂಡಿಗೆ ಸಿಡಿದು ಅನೇಕ ನಾವಿಕರು ಸತ್ತರು. ಮಾತ್ಸುಶಿಮಾದಿಂದ ಜಪಾನಿನ ನೌಕಾಪಡೆಯನ್ನು ಮುನ್ನಡೆಸುತ್ತಿದ್ದ ಅಡ್ಮಿರಲ್ ಇಟೊ ಸುಕೆಯುಕಿ ತಮ್ಮ ಧ್ವಜವನ್ನು (ಅಂದರೆ ನಾಯಕತ್ವದ ನೆಲೆಯನ್ನು) ಸೋದರ ಹಡಗು ಹಶಿದಾಟೆಗೆ ವರ್ಗಾಯಿಸಬೇಕಾಯಿತು. ದುರಸ್ತಿಯಾಗಿ, ಮುಂದೆ ತರಬೇತಿ ನೌಕೆಯಾದ ಮಾತ್ಸುಶಿಮಾ 1908ರ ಏಪ್ರಿಲ್ 30ರಂದು ತೈವಾನ್ ಬಳಿಯ ಪೆಸ್ಕಡೋರ್ ದ್ವೀಪಗಳ ಮಾಕೊ ಬಂದರಿನಲ್ಲಿ, ತನ್ನದೇ ಮದ್ದಿನ ಕೋಣೆ ಸ್ಫೋಟಗೊಂಡು, ಇನ್ನೂರಕ್ಕೂ ಹೆಚ್ಚು ಜನರೊಡನೆ ಮುಳುಗಿತು.