ಗಾಜು ಹತ್ತುವ ಹಲ್ಲಿ ಬಚ್ಚಲಲ್ಲಿ ಜಾರುವುದೇಕೆ?

ಪ್ರಶ್ನೆ: ರಾತ್ರಿ ದೀಪ ಹಾಕಿದೊಡನೆ ನಮ್ಮ ಮನೆಯ ಕಿಟಕಿ ಗಾಜಿನ ಮೇಲೆ ಹಲ್ಲಿಗಳು ಸರಾಗವಾಗಿ ಓಡಾಡುತ್ತವೆ. ಆದರೆ ಬಚ್ಚಲುಮನೆಯ ಟೈಲ್ಸ್ ಗೋಡೆಯಿಂದ ಅವು ಜಾರಿ ಬೀಳುವುದನ್ನೂ ನೋಡಿದ್ದೇನೆ. ಅವುಗಳ ಪಾದದಲ್ಲಿರುವ ಅಂಟು ಮಳೆಗಾಲದ ಥಂಡಿಗೆ ಕರಗುತ್ತದೆಯೇ?
– ಓದುಗರೊಬ್ಬರು, ಶಿರಸಿ

ಉತ್ತರ: ಹಲ್ಲಿಯ ಪಾದದಲ್ಲಿ ಅಂಟೂ ಇಲ್ಲ, ಗಾಳಿ ಹೀರಿ ಕಚ್ಚಿಕೊಳ್ಳುವ ಬಟ್ಟಲೂ ಇಲ್ಲ. ಹಲ್ಲಿ ಗಾಜಿನ ಹೊರಬದಿಯಲ್ಲಿರುವಾಗ ಒಳಗಿನಿಂದ ಟಾರ್ಚ್ ಹಿಡಿದು ನೋಡಿದರೆ, ಬೆರಳುಗಳ ಅಡಿಯಲ್ಲಿ ಅಡ್ಡಡ್ಡವಾಗಿ ಸಾಲುಗೊಂಡ ಬಿಳಿಚು ಮಡಿಕೆಗಳು ಕಾಣುತ್ತವೆ. ಬರಿಗಣ್ಣಿಗೆ ದಕ್ಕುವುದು ಇಷ್ಟೇ. ಈ ಮಡಿಕೆಗಳ ಮೇಲೆ ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ಉದ್ದದ ರೋಮಗಳು ಒತ್ತೊತ್ತಾಗಿರುತ್ತವೆ. ಈಶಾನ್ಯ ಭಾರತದಲ್ಲಿಯೂ ಕಾಣಸಿಗುವ ದೊಡ್ಡ ಟೋಕೆ ಹಲ್ಲಿಯಲ್ಲಿ ಒಂದು ಚದರ ಮಿಲಿಮೀಟರಿಗೆ ಇಂಥವು ಸುಮಾರು 14,000 ಇರುತ್ತವೆ. ಪ್ರತಿಯೊಂದು ರೋಮದ ತುದಿಯೂ ನೂರಾರು ಎಳೆಗಳಾಗಿ ಸೀಳಿ, ಪ್ರತಿ ಎಳೆಯ ಕೊನೆ ಸುಮಾರು 200 ನ್ಯಾನೊಮೀಟರ್ (ಮಿಲಿಮೀಟರಿನ ಐದು ಸಾವಿರದಲ್ಲೊಂದು ಭಾಗ) ಅಗಲದ ಚಪ್ಪಟೆ ಹಾಳೆಯಂತಾಗುತ್ತದೆ.

ಎರಡು ವಸ್ತುಗಳು ಅತಿ ಸಮೀಪಕ್ಕೆ ಬಂದಾಗ ಅವುಗಳ ಅಣುಗಳ ನಡುವೆ ವ್ಯಾನ್ ಡರ್ ವಾಲ್ಸ್ ಆಕರ್ಷಣೆ ಎಂಬ ದುರ್ಬಲ ಸೆಳೆತ ಹುಟ್ಟುತ್ತದೆ. ಹಲ್ಲಿಯ ಹಿಡಿತಕ್ಕೆ ಮುಖ್ಯ ಕಾರಣ ಇದೇ ಎಂಬುದಕ್ಕೆ ಅಮೆರಿಕದ ಜೀವವಿಜ್ಞಾನಿ ಕೆಲ್ಲರ್ ಆಟಮ್ ಮತ್ತು ಸಂಗಡಿಗರು 2002ರಲ್ಲಿ ಪುರಾವೆ ಒದಗಿಸಿದರು. ಒಂದೊಂದು ಎಳೆಯ ಸೆಳೆತ ನಗಣ್ಯವಾದರೂ ಲಕ್ಷಾಂತರ ಎಳೆಗಳು ಒಟ್ಟಾದಾಗ ಅದು ಹಲ್ಲಿಯ ಭಾರವನ್ನು ಹೊತ್ತು ಮಿಗುತ್ತದೆ. ಇಷ್ಟು ಗಟ್ಟಿಯಾಗಿ ಹಿಡಿದ ಪಾದವನ್ನು ಓಡುವಾಗ ಬಿಡಿಸಿಕೊಳ್ಳುವ ಬಗೆ, ನನ್ನ ಮಟ್ಟಿಗೆ, ಹಿಡಿಯುವುದಕ್ಕಿಂತ ಸೊಗಸಾದದ್ದು: ಹಲ್ಲಿ ಪಾದವನ್ನು ನೇರವಾಗಿ ಕೀಳುವುದಿಲ್ಲ, ಬೆರಳ ತುದಿಯನ್ನು ಮೇಲಕ್ಕೆ ಸುರುಳಿ ಸುತ್ತಿಕೊಂಡು ಬರುತ್ತದೆ, ರೋಮಗಳ ಕೋನ ಬದಲಾದೊಡನೆ ಹಿಡಿತ ತಾನಾಗಿ ಸಡಿಲುತ್ತದೆ.

ಇನ್ನು ಥಂಡಿಯ ಮಾತು. ಗಾಳಿಯಲ್ಲಿನ ತೇವದಿಂದ ಹಿಡಿತ ಕುಗ್ಗುವುದಿಲ್ಲ. ರೋಮಗಳು ಮೆದುವಾಗುವುದರಿಂದ ಕೆಲವೊಮ್ಮೆ ಹೆಚ್ಚುವುದೂ ಉಂಟು. ಬಚ್ಚಲಿನ ಕತೆ ಬೇರೆ. ಅಲ್ಲಿ ಹಬೆ ತಣಿದು ನುಣುಪು ಟೈಲ್ಸ್ ಮೇಲೆ ನೀರಿನ ಪದರ ಕಟ್ಟುತ್ತದೆ, ಅದು ರೋಮಕ್ಕೂ ಗೋಡೆಗೂ ನಡುವೆ ಸೇರಿಕೊಂಡು ಅವುಗಳನ್ನು ಒಂದಕ್ಕೊಂದು ತಾಗಗೊಡುವುದಿಲ್ಲ. ನಾನ್‌ಸ್ಟಿಕ್ ಕಾವಲಿಗೆ ಬಳಿಯುವ ಟೆಫ್ಲಾನ್ ಮೇಲಂತೂ, ಅದು ಒಣಗಿದ್ದರೂ, ಹಲ್ಲಿ ನಿಲ್ಲಲಾರದು. ಆದ್ದರಿಂದ ಬಚ್ಚಲಲ್ಲಿ ಹಲ್ಲಿ ಮೈಮೇಲೆ ಬಿದ್ದರೆ ಪಂಚಾಂಗದಲ್ಲಿ ಫಲ ಹುಡುಕುವ ಮೊದಲು ಗೋಡೆಯನ್ನೊಮ್ಮೆ ಮುಟ್ಟಿ ನೋಡಬಹುದು. ಬಕೆಟ್ಟಿನೊಳಗೆ ಸಿಕ್ಕಿಬಿದ್ದ ಹಲ್ಲಿಗಾದರೆ ಒಂದು ಒಣ ಕೋಲನ್ನು ಓರೆಯಾಗಿ ಇಡಿ, ಉಗುರೂರಿ ಹತ್ತಿ ಹೋಗುತ್ತದೆ.