ಅಮ್ಮನ ಅಮೆರಿಕ ವೀಸಾ 214(ಬಿ) ಅಂತ ತಿರಸ್ಕಾರವಾಗಿದ್ದರೆ

ಬಾಸ್ಟನ್ನಿನ ಲ್ಯಾಬಿನಲ್ಲಿ ಪೋಸ್ಟ್‌ಡಾಕ್ ಆಗಿರುವ ನಿಮ್ಮ ಹೆರಿಗೆಗೆ ಬರಬೇಕಿದ್ದ ತೀರ್ಥಹಳ್ಳಿಯ ಅಮ್ಮನಿಗೆ ವೀಸಾ ಸಿಗದಿದ್ದಕ್ಕೆ ಕಾರಣ ಬಹುಶಃ ವೀಸಾ ಸಂದರ್ಶನದಲ್ಲಿ ಅವರು ಕೊಟ್ಟ ಉತ್ತರವೇ. 'ಮಗು ನೋಡಿಕೊಳ್ಳೋಕೆ' ಅಂತಷ್ಟೇ ಹೇಳಿದರೆ, ಇವರು ವಾಪಸ್ ಹೋಗ್ತಾರಾ ಅನ್ನೋ ಅನುಮಾನ ಅಧಿಕಾರಿಗೆ ಬರುತ್ತೆ. ಅಮೆರಿಕದ ವಲಸೆ ಕಾನೂನಿನ 214(ಬಿ) ಕಲಂ ಅಂದ್ರೆ ಅದೇ.

ಇದಕ್ಕೆ ಅಪೀಲು ಇಲ್ಲ, ಆದರೆ ಮತ್ತೆ ಅರ್ಜಿ ಹಾಕಬಹುದು. ಹೊಸ ಡಿಎಸ್-160 (ಆನ್‌ಲೈನ್ ವೀಸಾ ಅರ್ಜಿ) ತುಂಬಿ, ಫೀಸು ಮತ್ತೆ ಕಟ್ಟಬೇಕು. ಹಿಂದೆ ವೀಸಾ ನಿರಾಕರಣೆ ಆಗಿದೆಯಾ ಅನ್ನೋ ಪ್ರಶ್ನೆಗೆ ಹೌದು ಅಂತಲೇ ಬರೆಯಿರಿ, ಮುಚ್ಚಿಟ್ಟರೆ ಮುಂದೆ ಜಾಸ್ತಿ ತೊಂದರೆ.

ಆಮೇಲೆ ಅಮ್ಮನ ಜೊತೆ ಫೋನಿನಲ್ಲಿ ಕೂತು ಮಾತಾಡಿ. ಎಷ್ಟು ದಿನ ಇರ್ತಾರೆ, ಖರ್ಚು ಯಾರದು, ಯಾಕೆ ವಾಪಸ್ ಬರಲೇಬೇಕು. ಅಪ್ಪ ಊರಲ್ಲೇ ಇದ್ದರೆ, ಅಡಿಕೆ ಕೊಯ್ಲಿನ ಹೊತ್ತಿಗೆ ಅಮ್ಮ ಮನೆಯಲ್ಲಿ ಇರಲೇಬೇಕು ಅನ್ನೋದು ನಿಜವಾಗಿದ್ದರೆ, ಅದನ್ನೇ ಹೇಳಲಿ. ಸುಳ್ಳು ಬೇಡ. ನಿಮ್ಮ ಕೆಲಸ ಏನು, ನಿಮ್ಮದು ಯಾವ ವೀಸಾ ಅನ್ನೋದೂ ಒಂದೇ ಸಾಲಿನಲ್ಲಿ ಬರಬೇಕು. 'ಮಗಳು ಸೈಂಟಿಸ್ಟ್' ಅಷ್ಟೇ ಸಾಲದು (ನಮ್ಮ ಅಮ್ಮಂದಿರು ಅಲ್ಲಿಗೇ ನಿಲ್ಲಿಸ್ತಾರೆ, ಅಲ್ವಾ). ಪಹಣಿ ಕೈಯಲ್ಲಿರಲಿ, ಆದರೆ ಅಧಿಕಾರಿ ಕಾಗದ ಕೇಳದೆಯೂ ಇರಬಹುದು, ಮಾತೇ ಮುಖ್ಯ.

ಉತ್ತರದಲ್ಲಿ ಏನೂ ಬದಲಾಗದಿದ್ದರೆ ಸುಮ್ನೆ ಮತ್ತೆ ಹಾಕಬೇಡಿ. ಬದಲಾಗಿದ್ದರೆ ಇವತ್ತೇ ಸಂದರ್ಶನದ ಸ್ಲಾಟ್ ನೋಡಿ, ಹೆರಿಗೆ ದಿನಾಂಕ ಕಾಯೋದಿಲ್ಲ.